ಆಡು ಕಡಿದ ಚಿಗುರು

ಒಂದು ದಿನ ಹನೀಫಾ ಕುರ್ದರ ಬೆಟ್ಟಸೀಮೆಯ ಕಾನಿಸೇವ್ ಊರಿನ ಮಸೀದಿಯ ಮುಂದಿನ ಕಲ್ಲುಕಟ್ಟೆಯ ಮೇಲೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕುಳಿತಿದ್ದಳು. ಬೇಸಿಗೆ ಮುಗಿಯುತ್ತ ಬಂದಿತ್ತು. ಮರುದಿನ ಸೊಪ್ಪು ಸವರುವುದಕ್ಕೆ ಊರಿಗೆ ಊರೇ ಬೆಟ್ಟ ಹತ್ತಬೇಕಾಗಿತ್ತು. ಕೊಡಲಿ ಮಸೆಯಲು ಬಂದಿದ್ದ ನಾಲ್ಕಾರು ತರುಣರು ಆಕೆಯ ಹಿಂದೆ ನಿಂತು ಒಂದೊಂದೇ ಎಲೆಯನ್ನು ಬೆರಳುಗಳ ನಡುವೆ ಇಡುತ್ತಿದ್ದರು. ಆಕೆ ತಿರುಗಿ ನೋಡದೆ ಹೆಬ್ಬೆರಳಿನಿಂದ ಎಲೆಯ ಬೆನ್ನನ್ನು ಒಮ್ಮೆ ಸವರಿ ಹೆಸರು ಹೇಳುತ್ತಿದ್ದಳು. ಇದು ಬರೂ, ಇದು ವಿಯೊಲ್, ಇದೂ ವಿಯೊಲೇ, ಆದರೆ ನೆರಳಿನಲ್ಲಿ ಬೆಳೆದದ್ದು, ಇದು ಮಾಜು. ಮೂರೂ ಓಕ್ ಮರಗಳೇ. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಮಾಚಿಕಾಯಿ ಬಿಡುವುದು ಆ ಮಾಜುವಿನಲ್ಲಿಯೇ. ಹುಡುಗರಲ್ಲಿ ಒಬ್ಬ, ಹೊಸದಾಗಿ ಮದುವೆಯಾದವನು, ಆಟ ಕೆಡಿಸಬೇಕೆಂದು ಹಿಪ್ಪುನೇರಳೆಯ ಎಲೆಯೊಂದನ್ನು ಇಟ್ಟ. ಹನೀಫಾ ಅದನ್ನೂ ಸವರಿದಳು.

“ಇದು ನಿನ್ನ ಮಾವನ ಹಿತ್ತಲಿಂದು ಕಣೋ. ಎಲೆ ಒಂದೇ ಕದ್ಯೋ, ಹಣ್ಣೂ ಸೇರಿಸಿ ಕದ್ಯೋ?”

ಹುಡುಗನ ಕಿವಿ ಕೆಂಪಾಯಿತು. ಉಳಿದವರು ನಕ್ಕರು. ಆಕೆ ನಗಲಿಲ್ಲ. ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು, ಆಡುಗಳಿಗೆ ನೀರು ತೋರಿಸಲು ಹೊರಟುಹೋದಳು. ಆಗ ಆಕೆಗೆ ನಲವತ್ತರ ಆಸುಪಾಸು.

ಆಕೆ ಈ ವಿದ್ಯೆಯನ್ನು ಕಲಿತದ್ದು ಕೊಟ್ಟಿಗೆಯಲ್ಲಿ. ಕುರ್ದರ ಆ ಬೆಟ್ಟಸೀಮೆಯಲ್ಲಿ ಹಿಮ ಬಿದ್ದ ಮೇಲೆ ನೆಲದಲ್ಲಿ ಒಂದು ಹುಲ್ಲಿನ ಎಸಳೂ ಕಾಣುವುದಿಲ್ಲ. ಆಡುಗಳು ಬದುಕುವುದು ಓಕ್ ಸೊಪ್ಪಿನ ಮೇಲೆ. ಪ್ರತಿ ಮನೆಗೂ ಒಂದು ಸೊಪ್ಪಿನ ಬೆಟ್ಟ; ಬೆಟ್ಟದಲ್ಲಿ ಮೂರು ಪಾಲು; ವರ್ಷಕ್ಕೆ ಒಂದು ಪಾಲನ್ನು ಸವರಿ, ಕೊಂಬೆಗಳನ್ನು ಕಟ್ಟು ಕಟ್ಟಿ, ಯಾವ ಆಡಿನ ಬಾಯಿಗೂ ಎಟುಕದ ಹಾಗೆ ದೊಡ್ಡ ಮರಗಳ ಕವಲಿನಲ್ಲಿ ಒಟ್ಟಿಡುತ್ತಾರೆ. ಚಳಿಗಾಲದಲ್ಲಿ ದಿನಕ್ಕಿಷ್ಟು ಕಟ್ಟು ಇಳಿಸಿ ಹೊತ್ತು ತರುವುದು ಹೆಂಗಸರ ಪಾಲಿನ ಕೆಲಸ. ಹನೀಫಾಳ ಅಜ್ಜಿಯ ಕೊಟ್ಟಿಗೆಗೆ ಒಂದು ಕಿಂಡಿ ಮಾತ್ರ ಇತ್ತು. ಚಳಿ ಹೊಗುತ್ತದೆಂದು ಅದಕ್ಕೂ ಕಂಬಳಿ ತುರುಕಿದ್ದರು. ಹಾಡುಹಗಲಲ್ಲೂ ಅಲ್ಲಿ ಕತ್ತಲೆ. ಗಬ್ಬದ ಆಡಿಗೆ ವಿಯೊಲ್ ಹಾಕಬೇಕು, ಮರಿಗಳಿಗೆ ಮಾಜು, ಬರಡು ಆಡಿಗೆ ಬರೂ ಸಾಕು ಎಂದು ಅಜ್ಜಿಯ ಲೆಕ್ಕ. ಆರು ವರ್ಷದ ಹನೀಫಾ ಒಣಗಿದ ಎಲೆಯನ್ನು ಮುಟ್ಟಿಯೇ ಬೇರೆ ಮಾಡುತ್ತಿದ್ದಳು. ಬರೂ ಎಲೆ ಅಗಲ, ಅದರ ಬೆನ್ನಿನಲ್ಲಿ ಬೂದು ಬಣ್ಣದ ಉಣ್ಣೆ. ವಿಯೊಲ್ ಉದ್ದವಾಗಿ, ನುಣ್ಣಗೆ, ಅಂಚಿನ ಹಲ್ಲುಗಳ ತುದಿಯಲ್ಲಿ ಕೂದಲಿನಂಥ ಮುಳ್ಳು. ನರಗಳು ಬಾಚಣಿಗೆಯ ಹಾಗೆ ನೆಟ್ಟಗೆ ಹಲ್ಲಿಗೆ ಬಂದು ಸೇರುತ್ತವೆ. ಮಾಜುವಿನ ಎಲೆ ಚಿಕ್ಕದು, ಅಂಚು ಅಲೆಯಂತೆ ಏರಿ ಇಳಿಯುತ್ತದೆ, ಮುಳ್ಳಿಲ್ಲ. ತಪ್ಪಿದರೆ ಅಜ್ಜಿ ಬೈಯುತ್ತಿರಲಿಲ್ಲ. ಆ ಕಟ್ಟನ್ನು ಆಡು ಮೂಸಿ ಬಿಡುವುದನ್ನು ತೋರಿಸುತ್ತಿದ್ದಳು, ಅಷ್ಟೆ.

ಕಾದಿರನನ್ನು ಮದುವೆಯಾಗಿ ಅದೇ ಊರಿನ ಮೇಲಿನ ಕೇರಿಗೆ ಬಂದ ಮೇಲೆ ಈ ವಿದ್ಯೆ ಊರಿಗೆ ಬೇಕಾಯಿತು. ಸರ್ಕಾರದ ಕಾಗದದಲ್ಲಿ ಕಾಡೆಲ್ಲ ಸರ್ಕಾರದ್ದು. ಮನೆಮನೆಯ ಪಾಲು ಎಲ್ಲಿಂದ ಎಲ್ಲಿಗೆ ಎಂಬುದು ಇರುವುದು ಬಾಯಿಮಾತಿನಲ್ಲಿ ಮಾತ್ರ. ಎಲ್ಲೆಗೆ ಕಲ್ಲು ನೆಡುವುದಿಲ್ಲ, ಮರವನ್ನೇ ಹೆಸರಿಸುತ್ತಾರೆ. ಇಂಥ ಒಡ್ಡಿನ ಕೆಳಗಿನ ಮಾಜು, ಇಂಥ ಬಂಡೆಯ ಪಕ್ಕದ ಬರೂ. ಮರ ಬಿದ್ದರೆ ಅದರ ಬುಡದಿಂದ ಚಿಗುರಿದ್ದೇ ಮುಂದಿನ ಎಲ್ಲೆ. ಆದರೆ ಬುಡ ಮಣ್ಣಿನಲ್ಲಿ ಹೂತು, ಪಕ್ಕದಲ್ಲೇ ಹಕ್ಕಿ ಹುಗಿದಿಟ್ಟು ಮರೆತ ಕಾಯಿಯೊಂದು ಮೊಳೆತರೆ, ಎರಡರಲ್ಲಿ ಹಳೆಯ ಮರದ ಸಂತಾನ ಯಾವುದೆಂದು ಎಲೆ ನೋಡಿಯೇ ಹೇಳಬೇಕು. ಹಾಗೆ ಹೇಳಲು ಹನೀಫಾಳನ್ನು ಕರೆಯುವುದು ವಾಡಿಕೆಯಾಯಿತು. ಆಕೆ ಹೇಳಿದ ಮೇಲೆ ಊರಿನ ಹಿರಿಯ ರೆಶೀದ್ ಮಾಮ ಆ ಎಳೆಮರಕ್ಕೆ ಒಂದು ಕಚ್ಚು ಹಾಕುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು. ಮರ ಬೀಳುವವರೆಗೆ ಆ ಎಲ್ಲೆ ಕದಲುವಂತಿಲ್ಲ. ನನ್ನ ಮುಖಕ್ಕಿಂತ ಎಲೆಯ ಮುಖವನ್ನೇ ಹೆಚ್ಚು ನೋಡಿದ್ದಾಳೆ ಇವಳು ಎಂದು ಕಾದಿರ್ ಎಲ್ಲರೆದುರು ದೂರುತ್ತಿದ್ದ. ಅದರಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಾಗಿತ್ತು.

ಹನೀಫಾಳ ಅಣ್ಣ ಜಲಾಲ್ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಹೆಂಡತಿ ರೂನಾಕ್ ಇಬ್ಬರು ಹೆಣ್ಣುಮಕ್ಕಳನ್ನೂ ಇಪ್ಪತ್ತು ಆಡುಗಳನ್ನೂ ಒಬ್ಬಳೇ ಸಂಭಾಳಿಸುತ್ತಿದ್ದಳು. ಅವಳ ಸೊಪ್ಪಿನ ಬೆಟ್ಟದ ಕೆಳಗಿನದು ಫತ್ತಾಹ್‌ನ ಬೆಟ್ಟ. ಎರಡರ ನಡುವೆ ಒಂದು ಮುದಿ ವಿಯೊಲ್ ಎಲ್ಲೆಯಾಗಿ ನಿಂತಿತ್ತು. ಜಲಾಲ್ ಇದ್ದಾಗಲೇ ಒಂದು ವಸಂತದಲ್ಲಿ ಹಿಮ ಕರಗಿ ಗುಡ್ಡ ಜಾರಿ ಆ ಮರ ಹೋಯಿತು, ಜಾಗವೆಲ್ಲ ಕಲ್ಲುಗುಂಡು ಮುಚ್ಚಿತು. ಐದಾರು ವರ್ಷದ ಮೇಲೆ ಕಲ್ಲುಗಳ ಸಂದಿಯಿಂದ ಎರಡು ಎಳೆ ಓಕ್‌ಗಳು ಎದ್ದವು, ಮೂವತ್ತು ಹೆಜ್ಜೆಯ ಅಂತರದಲ್ಲಿ, ಒಂದು ಮೇಲೆ, ಒಂದು ಕೆಳಗೆ. ಮೇಲಿನದು ವಿಯೊಲ್ ಆದರೆ ನಡುವಿನ ಪಟ್ಟಿ ಫತ್ತಾಹ್‌ನದು. ಕೆಳಗಿನದು ವಿಯೊಲ್ ಆದರೆ ರೂನಾಕ್‌ಳದು. ಆ ಪಟ್ಟಿಯಲ್ಲಿ ನಲವತ್ತು ಮರಗಳಿದ್ದವು. ರೂನಾಕ್‌ಳ ಬೆಟ್ಟದ ಅರ್ಧ ಅದೇ.

ಬೇಸಿಗೆಯ ಆರಂಭದ ಒಂದು ಬೆಳಿಗ್ಗೆ ಎಲ್ಲರೂ ಅಲ್ಲಿ ಸೇರಿದರು. ಎರಡು ಸಸಿಗಳೂ ಮೊಣಕಾಲೆತ್ತರ. ಆಡುಗಳು ಮೇಲಿಂದ ಮೇಲೆ ಕಡಿದು ಎರಡನ್ನೂ ಪೊದೆ ಮಾಡಿಬಿಟ್ಟಿದ್ದವು. ಕಡಿದ ತುದಿಗಳಿಂದ ತಿಂಗಳ ಹಿಂದೆ ಮತ್ತೆ ಚಿಗುರು ಒಡೆದಿತ್ತು. ಹನೀಫಾ ಮೇಲಿನ ಸಸಿಯ ಎಲೆ ಮುರಿದು ನೋಡಿದಳು. ಉದ್ದವಾಗಿತ್ತು, ಅಂಚಿನಲ್ಲಿ ಚೂಪು ಹಲ್ಲು, ಬೆನ್ನಿನಲ್ಲಿ ಉಣ್ಣೆ ಅಷ್ಟಾಗಿ ಇರಲಿಲ್ಲ. ಕೆಳಗಿನದರ ಎಲೆ ಅಗಲ, ಬೆನ್ನಿಗೆ ಬೆರಳಿಟ್ಟರೆ ನವಿರು. ಆಕೆ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನಿಂತಳು. ಎರಡು ವರ್ಷ ಬಿಟ್ಟು ಬನ್ನಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಫತ್ತಾಹ್ ಪಕ್ಕದವನಿಗೆ ಹೇಳುವ ಹಾಗೆ, ಎಲ್ಲರಿಗೂ ಕೇಳುವಂತೆ ಹೇಳಿದ: “ಬೇರೆಯವರ ಎಲೆ ಆದ್ರೆ ಬೆನ್ನ ಹಿಂದೆ ಹಿಡಿದೇ ಹೇಳ್ತಾಳೆ. ಅಣ್ಣನ ಹೆಂಡ್ತಿ ಎಲೆ ನೋಡು, ಎಷ್ಟು ಭಾರ ಆಗ್ಬಿಟ್ಟಿದೆ.”

ಕೆಲವರು ನಕ್ಕರು. ಹನೀಫಾ ಮೇಲಿನ ಸಸಿಯ ಕಡೆ ಕೈ ತೋರಿಸಿ, ಇದು ವಿಯೊಲ್, ಕೆಳಗಿನದು ಬರೂ ಎಂದುಬಿಟ್ಟಳು. ರೆಶೀದ್ ಮಾಮ ಮೇಲಿನದಕ್ಕೆ ಕಚ್ಚು ಹಾಕಿದ. ಸ್ವಂತ ಅತ್ತಿಗೆಯ ವಿರುದ್ಧವೇ ಹೇಳಿದಳಲ್ಲ ಎಂದು ಊರಿನಲ್ಲಿ ಅವಳ ಮಾತಿಗೆ ಇನ್ನೂ ತೂಕ ಬಂತು. ರೂನಾಕ್ ಉಳಿದ ಸೊಪ್ಪನ್ನು ಲೆಕ್ಕ ಹಾಕಿದಳು. ಆ ಚಳಿಗಾಲಕ್ಕೆ ಮುಂಚೆ ಹತ್ತು ಆಡುಗಳನ್ನು ಬಾನೆ ಪಟ್ಟಣದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದಳು. ಆಮೇಲೆ ಊರವರ ಉಣ್ಣೆ ನೂತುಕೊಟ್ಟು ಕಾಲ ಹಾಕಿದಳು.

ಇದಾಗಿ ಹನ್ನೊಂದು ವರ್ಷ ಕಳೆದವು.

ಬೇಸಿಗೆಯ ಕೊನೆಗೆ ಓಕ್ ಎಲೆಗಳ ಮೇಲೆ ಸಿಹಿಯಾದ ಅಂಟು ಕೂರುತ್ತದೆ, ಗೆಜೊ ಎನ್ನುತ್ತಾರೆ. ಬೆಳಗಿನ ತಂಪಿನಲ್ಲಿ ಕೊಂಬೆ ಬಡಿದು ಬಟ್ಟೆಯ ಮೇಲೆ ಉದುರಿಸಿಕೊಂಡು, ಕಾಸಿ ಮಿಠಾಯಿ ಮಾಡುತ್ತಾರೆ. ಆ ವರ್ಷ ಹನೀಫಾ ಗೆಜೊ ಅರಸುತ್ತ ಅಣ್ಣನ ಬೆಟ್ಟದ ಅಂಚಿಗೆ ಬಂದಳು. ಎಲ್ಲೆಯ ಎಳೆಮರ ಈಗ ಎರಡಾಳೆತ್ತರ ಬೆಳೆದಿತ್ತು. ಆಡುಗಳ ಬಾಯಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ಬಟ್ಟೆ ಹಾಸಿ ಕೊಂಬೆ ಬಾಗಿಸಿದಾಗ ಎಲೆಗಳು ಮಗುಚಿ ಬೆನ್ನು ಕಂಡಿತು. ಬೂದು ಬಣ್ಣ. ಮುಟ್ಟಿದಳು. ಉಣ್ಣೆ.

ಜಾಗ ತಪ್ಪಿದೆನೇನೋ ಎಂದುಕೊಂಡಳು. ಕಾಂಡದ ಮೇಲೆ ರೆಶೀದ್ ಮಾಮನ ಕಚ್ಚು ಗಾಯ ಮಾಗಿದ ಹಾಗೆ ಉಬ್ಬಿ ನಿಂತಿತ್ತು. ಮೂವತ್ತು ಹೆಜ್ಜೆ ಇಳಿದು ಕೆಳಗಿನ ಮರಕ್ಕೆ ಹೋದಳು. ಅದರ ಎಲೆಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಉದ್ದ, ಕಿರಿದು, ಹಲ್ಲಿನ ತುದಿಗೆ ಸೂಜಿಯಂಥ ಮುಳ್ಳು. ನರಗಳನ್ನು ಎಣಿಸಿದಳು: ಒಂದು ಬದಿಗೆ ಹನ್ನೆರಡು, ಇನ್ನೊಂದು ಎಲೆಯಲ್ಲಿ ಹನ್ನೊಂದು. ವಿಯೊಲ್. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಅಲ್ಲಿಯೇ ಕಲ್ಲಿನ ಮೇಲೆ ಕುಳಿತಳು. ಆ ದಿನ ಏನಾಯಿತೆಂದು ಆಕೆಗೆ ಈಗ ಸ್ಪಷ್ಟವಾಗಿ ಕಂಡಿತು. ಆಡು ಕಡಿದ ಮೇಲೆ ಸಿಟ್ಟಿನಿಂದ ಬರುವ ಚಿಗುರಿನ ಎಲೆ ತನ್ನ ಜಾತಿಯ ಎಲೆಯ ಹಾಗಿರುವುದಿಲ್ಲ. ಬರೂ ಕೂಡ ಉದ್ದ ಎಲೆ, ಚೂಪು ಹಲ್ಲು ತೋರಿಸುತ್ತದೆ, ವಿಯೊಲ್ ಅಗಲ ಎಲೆ ತೋರಿಸುತ್ತದೆ. ತಿಂಗಳ ಚಿಗುರಿಗಾದರೆ ಯಾವ ಓಕ್‌ಗೂ ಒಂದಿಷ್ಟು ನವಿರು ಇದ್ದೇ ಇರುತ್ತದೆ. ಬಲಿತ ಮೇಲೆ ವಿಯೊಲ್ ಅದನ್ನು ಕಳಚಿಕೊಳ್ಳುತ್ತದೆ. ಅಜ್ಜಿಯ ಕೊಟ್ಟಿಗೆಗೆ ಬರುತ್ತಿದ್ದುದೆಲ್ಲ ದೊಡ್ಡ ಮರದ ಬಲಿತ ಎಲೆ. ಎಳೆಮರದ ಎಲೆಯನ್ನು ಆಕೆ ಕಲಿತೇ ಇರಲಿಲ್ಲ. ಅಷ್ಟೇ ಆಗಿದ್ದರೆ ಅರಿಯದೆ ಆದ ತಪ್ಪು ಎನ್ನಬಹುದಿತ್ತು. ಆದರೆ ಆ ದಿನ ಕೈಯಲ್ಲಿ ಅನುಮಾನ ಇತ್ತು. ಇದ್ದರೂ, ಅಣ್ಣನ ಮನೆಯ ಪರ ಹೇಳಿದಳು ಎನ್ನಿಸಿಕೊಳ್ಳಬಾರದೆಂದು ಆ ಅನುಮಾನದ ನಷ್ಟವನ್ನು ರೂನಾಕ್‌ಳ ಮೇಲೆ ಹಾಕಿದ್ದಳು.

ಮನೆಗೆ ಬಂದು ಕಾದಿರನಿಗೆ ಹೇಳಿದಳು. ಅವನು ಚಹದ ಸಕ್ಕರೆ ಗಡ್ಡೆಯನ್ನು ಬಾಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. ಹನ್ನೊಂದು ವರ್ಷವಾಯಿತು, ಯಾರೂ ಕೇಳಿಲ್ಲ, ನೀನೇ ಹೋಗಿ ಬಾಯಿಬಿಟ್ಟರೆ ನೀನು ಹೇಳಿದ ಇನ್ನೆಲ್ಲ ಎಲ್ಲೆಗಳ ಗತಿಯೇನು, ಊರು ಹೊತ್ತಿ ಉರಿಯುತ್ತದೆ ಎಂದ. ಅವನ ಮಾತು ತಪ್ಪಾಗಿರಲಿಲ್ಲ. ಅದೇ ಆಕೆಯನ್ನು ತಡೆದದ್ದು. ಮೂರು ವಾರ ಯಾರಿಗೂ ಏನೂ ಹೇಳಲಿಲ್ಲ. ಆ ಮೂರು ವಾರದಲ್ಲಿ ತಾನು ಹೇಳಿದ ಒಂದೊಂದು ಎಳೆಮರವನ್ನೂ ಹುಡುಕಿಕೊಂಡು ಬೆಟ್ಟ ಬೆಟ್ಟ ಅಲೆದಳು. ಒಟ್ಟು ಒಂಬತ್ತು. ಒಂದೊಂದರ ನೆತ್ತಿಯ ಎಲೆಯನ್ನೂ ಕೋಲಿನಿಂದ ಬಾಗಿಸಿ ನೋಡಿದಳು. ಎಂಟು ಸರಿಯಾಗಿದ್ದವು. ತಪ್ಪಿದ್ದು ಒಂದೇ ಒಂದು.

ಆಮೇಲೆ ರೂನಾಕ್‌ಳ ಮನೆಗೆ ಹೋದಳು. ರೂನಾಕ್ ಕದಿರು ತಿರುಗಿಸುತ್ತಿದ್ದಳು. ಹನೀಫಾ ನಿಂತೇ ಎಲ್ಲ ಹೇಳಿದಳು. ಎಲೆಯ ತಪ್ಪನ್ನೂ ಹೇಳಿದಳು, ಎಲೆಯದಲ್ಲದ ತಪ್ಪನ್ನೂ ಹೇಳಿದಳು. ನೂಲು ಕಡಿಯಲಿಲ್ಲ, ಕದಿರು ಮಾತ್ರ ನಿಂತಿತು.

“ಅವತ್ತು ನೀನು ನನ್ನ ಪರ ಹೇಳ್ಬೇಕು ಅಂತ ನಾನು ಬೇಡ್ಕೊಂಡಿರ್ಲಿಲ್ಲ, ಹನೀಫಾ,” ಎಂದಳು ರೂನಾಕ್. “ಎಲೆ ಪರ ಹೇಳಿದ್ರೆ ಸಾಕಾಗಿತ್ತು.”

ಕೂರು ಎಂದು ರೂನಾಕ್ ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಕದಿರು ಮತ್ತೆ ತಿರುಗತೊಡಗಿತು.

ಸೊಪ್ಪು ಸವರುವುದಕ್ಕೆ ಊರು ಬೆಟ್ಟ ಹತ್ತಿದ ಮೊದಲ ದಿನ ಹನೀಫಾ ರೆಶೀದ್ ಮಾಮನನ್ನು ಆ ಮರದ ಬಳಿಗೆ ಕರೆತಂದಳು. ಅವನಿಗೆ ಆಗ ಎಂಬತ್ತು ದಾಟಿತ್ತು. ಹೇಸರಗತ್ತೆಯ ಮೇಲೆ ಕೂರಿಸಿಕೊಂಡು ಬರಬೇಕಾಯಿತು. ಫತ್ತಾಹ್ ಬಂದ, ಊರವರೂ ಬಂದರು. ಆಕೆ ಮೇಲಿನ ಮರದ ಕೊಂಬೆಯೊಂದನ್ನು ಎಳೆದು ಎಲ್ಲರ ಕೈಗೂ ಎಲೆ ಕೊಟ್ಟಳು. ಬಲಿತ ಬರೂ ಎಲೆಯನ್ನು ಗುರುತಿಸಲು ಹನೀಫಾಳೇ ಬೇಕೆಂದಿರಲಿಲ್ಲ. ಊರಿನ ಯಾವ ಆಡಿಗೂ ಅದು ಗೊತ್ತು. ನಾನು ತಪ್ಪು ಹೇಳಿದ್ದೆ ಎಂದಳು. ಉಳಿದ ಎಂಟನ್ನೂ ನೋಡಿಬಂದಿದ್ದೇನೆ, ಅವು ಸರಿಯಾಗಿವೆ, ನಂಬದವರು ಹೋಗಿ ನೋಡಬಹುದು ಎಂದಳು.

ಫತ್ತಾಹ್ ಎಲೆಯನ್ನು ಮಗುಚಿ ಮಗುಚಿ ನೋಡಿದ. “ಮರ ದೊಡ್ಡದಾದ್ರೆ ಜಾತಿ ಬದಲಾಯಿಸ್ತದಾ ಅಕ್ಕ? ನನ್ನ ಸೊಸೆಗೂ ಸ್ವಲ್ಪ ಹೇಳಿಕೊಡು, ಅವಳೂ ಇನ್ನಷ್ಟು ಬೆಳೆದ್ಮೇಲೆ ಒಳ್ಳೆಯವಳಾಗ್ತಾಳೇನೋ.”

ಯಾರೋ ಆಡನ್ನೇ ಕೇಳೋಣ ಎಂದರು. ಎರಡು ಮರದ ಎಲೆಗಳನ್ನೂ ಒಂದು ಆಡಿನ ಮುಂದೆ ಹಾಕಿದರು. ಅದು ವಿಯೊಲ್ ತಿಂದಿತು, ಬರೂವನ್ನೂ ತಿಂದಿತು, ಆಮೇಲೆ ರೆಶೀದ್ ಮಾಮನ ನಡುಪಟ್ಟಿಯ ಕುಚ್ಚಿಗೆ ಬಾಯಿ ಹಾಕಿತು. ನಕ್ಕದ್ದರಿಂದ ಎಲ್ಲರ ಬಿಗುವು ಕೊಂಚ ಸಡಿಲವಾಯಿತು. ಆದರೂ ಕಚ್ಚು ಹಾಕಿದ ಎಲ್ಲೆಯನ್ನು ಮರ ಬೀಳದೆ ಕದಲಿಸಿದ್ದನ್ನು ನೆನಪಿದ್ದವರು ಯಾರೂ ಇರಲಿಲ್ಲ. ರೆಶೀದ್ ಮಾಮ ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಿದ್ದ. ನಿದ್ದೆ ಹೋದನೆಂದೇ ಕೆಲವರು ತಿಳಿದರು. ಕೊನೆಗೆ ಅವನು ಕೇಳಿದ್ದು ಫತ್ತಾಹ್‌ನನ್ನು. ನಾನು ಕಚ್ಚು ಹಾಕಿದ್ದು ವಿಯೊಲ್‌ಗೆ, ಇದು ವಿಯೊಲ್ ಹೌದೋ ಅಲ್ಲವೋ, ಆಣೆ ಮಾಡಿ ನೀನೇ ಹೇಳು ಎಂದ.

ಫತ್ತಾಹ್ ಕೆಟ್ಟವನಲ್ಲ, ಸೋಲು ಒಪ್ಪಿಕೊಳ್ಳುವ ಅಭ್ಯಾಸವಿಲ್ಲದವನು, ಅಷ್ಟೆ. ವಿಯೊಲ್ ಎಂದು ಆಣೆ ಮಾಡಲಿಲ್ಲ; ಈ ವರ್ಷ ಪಟ್ಟಿಯ ಸರದಿ ಬಂದಿದೆ, ಈ ಸೊಪ್ಪು ನನ್ನದೇ ಎಂದ. ಮುಂದಿನ ಸರದಿಯಿಂದ ರೂನಾಕ್ ಸವರಿಕೊಳ್ಳಲಿ ಎಂದ. ಆಮೇಲೆ ಹನೀಫಾಳ ಕಡೆ ತಿರುಗಿದ.

“ಒಂದೇ ಮಾತು. ಇನ್ನು ಯಾರ ಎಲ್ಲೆಗೂ ನಿನ್ನ ಕರೆಯಲ್ಲ. ಒಪ್ಪಿಗೇನಾ?”

ಆಕೆಯ ಕೈಯಲ್ಲಿ ಅದೊಂದೇ ಇದ್ದದ್ದು. ಊರಿನಲ್ಲಿ ಬೇರೆ ಯಾವ ಹೆಂಗಸಿನ ಮಾತನ್ನೂ ಗಂಡಸರು ಸುತ್ತ ನಿಂತು ಕಾದು ಕೇಳುತ್ತಿರಲಿಲ್ಲ. ಕಾದಿರ್ ಗಂಟಲು ಸರಿಮಾಡಿಕೊಂಡ, ಏನೋ ಹೇಳುವವನಿದ್ದ. ಹನೀಫಾ ಅವನಿಗೆ ಎಡೆ ಕೊಡಲಿಲ್ಲ.

“ಒಪ್ಪಿಗೆ. ಮಾಮ, ಕೆಳಗಿನ ಮರಕ್ಕೆ ಕಚ್ಚು ಹಾಕು.”

ರೆಶೀದ್ ಮಾಮನಿಗೆ ಕೊಡಲಿ ಭಾರವಾಗಿತ್ತು. ಕೊಡಲಿ ಹಿಡಿದ ಕೈಯ ಮೇಲೆ ಇನ್ನೊಂದು ಕೈ ಇಟ್ಟು ಒತ್ತಿದವಳು ರೂನಾಕ್.

ಆ ಪಟ್ಟಿಯ ಸರದಿ ಬರಲು ಮತ್ತೆ ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ರೂನಾಕ್‌ಳ ಹಿರಿಯ ಮಗಳಿಗೆ ಮದುವೆಯಾಗಿತ್ತು. ಅಳಿಯ ಮರ ಹತ್ತಿ ಸವರಿದ, ತಾಯಿಮಗಳು ಕಟ್ಟು ಕಟ್ಟಿದರು. ಆಡುಗಳು ಹತ್ತರಿಂದ ಹದಿನೈದಾದವು. ಹಳೆಯ ಇಪ್ಪತ್ತನ್ನು ಮುಟ್ಟಲೇ ಇಲ್ಲ. ಹನ್ನೊಂದು ವರ್ಷ ಯಾರಿಗೂ ಪೂರಾ ತಿರುಗಿ ಬರುವುದಿಲ್ಲ. ಇಬ್ಬರು ನಾದಿನಿ-ಅತ್ತಿಗೆಯರ ನಡುವೆ ಮಾತು ಮೊದಲಿನಷ್ಟು ಸಲೀಸಾಗಲೂ ಇಲ್ಲ. ಹಬ್ಬದ ದಿನ ರೂನಾಕ್ ರೊಟ್ಟಿ, ಆಕ್ರೋಟ ಕಳಿಸುತ್ತಾಳೆ. ತಾನೇ ತಂದುಕೊಟ್ಟದ್ದು ಕಡಿಮೆ.

ಹನೀಫಾಳ ಜಾಗಕ್ಕೆ ಎರಡು ವರ್ಷ ಫತ್ತಾಹ್‌ನ ದಾಯಾದಿಯೊಬ್ಬನನ್ನು ಕರೆದು ನೋಡಿದರು. ಅವನು ವಸಂತದಲ್ಲಿ ಮಾಜುವನ್ನು ಬರೂ ಎಂದ, ನಗೆಪಾಟಲಾಯಿತು. ಆಮೇಲೆ ಯಾರೂ ಗಟ್ಟಿಯಾಗಿ ತೀರ್ಮಾನ ಮಾಡದೆಯೇ ಒಂದು ಪದ್ಧತಿ ಹುಟ್ಟಿಕೊಂಡಿತು. ಜಗಳದ ಸಸಿಗೆ ಸುತ್ತ ಮುಳ್ಳುಬೇಲಿ ಹಾಕುವುದು, ಅದು ಆಡಿನ ಬಾಯಿಗೆ ಎಟುಕದಷ್ಟು ಬೆಳೆಯುವವರೆಗೆ ಕಾಯುವುದು, ಆಮೇಲೆ ಎಲ್ಲರೂ ಸೇರಿ ನೆತ್ತಿಯ ಎಲೆ ನೋಡುವುದು. ಅಲ್ಲಿಯವರೆಗೆ ನಡುವಿನ ಮರಗಳನ್ನು ಇಬ್ಬರೂ ಸವರುವಂತಿಲ್ಲ. ಇದರಿಂದ ಜಗಳ ಮುಗಿಯುವುದಿಲ್ಲ, ಮುದಿಯಾಗುತ್ತದೆ ಅಷ್ಟೆ ಎಂದು ಗೊಣಗುವವರೂ ಇದ್ದಾರೆ.

ಬೇಲಿ ಕಟ್ಟುವವಳು ಹನೀಫಾ. ಯಾರೂ ಕರೆದು ಹೇಳಿದ್ದಲ್ಲ. ಎಪ್ಪತ್ತು ದಾಟಿದ ಮೇಲೆ ಕಟ್ಟು ಹೊರುವುದನ್ನು ಸೊಸೆಯಂದಿರು ಬಿಡಿಸಿದರು. ಮುಳ್ಳು ಕಡಿಯುವುದನ್ನು ಬಿಡಿಸಲು ಅವರಿಂದಾಗಲಿಲ್ಲ. ಈಗ ಐದು ಸಸಿಗಳಿಗೆ ಅವಳ ಬೇಲಿ ಇದೆ. ನೀರಿನ ಬುಗ್ಗೆಯ ಮೇಲಿರುವ ಸಸಿಯ ವಿಷಯದಲ್ಲಿ ರೆಶೀದ್ ಮಾಮನ ಇಬ್ಬರು ಮೊಮ್ಮಕ್ಕಳಿಗೆ ತಕರಾರು. ಇಬ್ಬರೂ ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ಬಂದು ಕೇಳುತ್ತಾರೆ: ಅತ್ತೆ, ಸುಮ್ನೆ ಹೇಳು, ಯಾರಿಗೂ ಹೇಳಲ್ಲ, ಅದು ಮಾಜು ತಾನೆ? ಇಬ್ಬರಿಗೂ ಅವಳ ಉತ್ತರ ಒಂದೇ. ಗೊತ್ತಿಲ್ಲಪ್ಪ, ಇನ್ನೂ ಮೂರು ವರ್ಷ ಹೋಗಲಿ.

ಕಳೆದ ವಾರ ಆ ಬೇಲಿಯನ್ನು ಒಂದು ಆಡು ಮುರಿದು ನುಗ್ಗಿ ಸಸಿಯ ಒಂದು ಬದಿಯನ್ನು ಕಡಿದುಹಾಕಿತು. ಆಡು ರೂನಾಕ್‌ಳದು. ಹಾಗಾಗಿ ಈಗ ದಿನಾ ಬೆಳಿಗ್ಗೆ ಇಬ್ಬರು ಮುದುಕಿಯರೂ ಬುಗ್ಗೆಯ ಮೇಲೆ ಕಾಣುತ್ತಾರೆ. ರೂನಾಕ್ ಮುಳ್ಳಿನ ಹೊರೆಯನ್ನು ಕೋಲಿನಿಂದ ಒತ್ತಿ ಹಿಡಿಯುತ್ತಾಳೆ, ಹನೀಫಾ ಹಗ್ಗ ಬಿಗಿಯುತ್ತಾಳೆ. ಇನ್ನೂ ಅರ್ಧ ಸುತ್ತು ಉಳಿದಿದೆ.